ಬೂದಿ ಹಚ್ಚಿ ತಿಕ್ಕಿದ ಬುಶ್

ಜೋಗೇಶ್ವರಿ, ಮುಂಬಯಿ
೧೦ ಜೂನ್ ೨೦೨೪

ಸಾಯಬಣ್ಣ ಭಾವನವರಿಗೆ, ನಿಮ್ಮ ತಮ್ಮ ಶೆಟ್ಟೆಪ್ಪನವರ ಮನೆಯಾಕೆ ಅಂಬವ್ವ ಬಾಗಿ ಮಾಡುವ ಶರಣು.

ಪಾಕೀಟಿನ ಮೇಲಿನ ಹೆಸರು ನೋಡಿ ಹರಿದು ಒಗೆಯಬೇಡಿರಿ. ನನ್ನ ಮಗಳು ಸೌಮ್ಯಾ ನಿಮಗೆ ಫೋನ್ ಮಾಡಿದ್ದಳು. ಈ ಮನೆಯಿಂದ ಎಂದು ತಿಳಿದ ಕೂಡಲೇ ನೀವು ಕಟ್ ಮಾಡಿದಿರಿ. ಕಾಗದವನ್ನು ಹಾಗೆ ಅರ್ಧ ಮಾತಿನಲ್ಲಿ ಕಟ್ ಮಾಡಲು ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾನು ಊರ ಶಾಲೆಯಲ್ಲಿ ಏಳನೇ ಇಯತ್ತೆ ಓದಿದವಳು. ತಪ್ಪಿದ್ದಲ್ಲಿ ತಿದ್ದಿಕೊಂಡು ಓದಿರಿ.

ಶಿವರಾತ್ರಿ ಮುಗಿದ ವಾರ ನಿಮ್ಮ ತಮ್ಮನಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಹೋದವು. ಜೀವ ಉಳಿಯಿತು, ಶಿವನ ದಯೆ. ಮಾತು ತೊದಲು. ಹೊಡೆದಾಗ ಅವರು ಬಾಗಿಲ ಮುಂದೆ ಗಾಡಿಯ ಗೇರ್ ಬಾಕ್ಸ್ ಬಿಚ್ಚಿಕೊಂಡು ಕುಳಿತಿದ್ದರು. ಎರಡನೇ ಗೇರ್ ಜಾರುತ್ತಿತ್ತಂತೆ. ಯಾವ ಗಾಡಿ ಎಂದು ನಿಮಗೆ ಹೇಳಬೇಕಾಗಿಲ್ಲ. ಮಾವನವರ ಬುಲೆಟ್.

ಅಂದಿನಿಂದ ಅದು ಹೊಟ್ಟೆ ತೆರೆದುಕೊಂಡು ನಿಂತಿದೆ. ಬಿಡಿ ತುಂಡುಗಳನ್ನು ಸ್ಟೀಲ್ ಡಬ್ಬಿಯಲ್ಲಿ ಹಾಕಿಟ್ಟಿದ್ದೇನೆ. ಇಬ್ಬರು ಮೆಕ್ಯಾನಿಕ್ ಬಂದು ನೋಡಿದರು. ಒಬ್ಬ ಈ ಬಾಕ್ಸ್ ಬಿಸಾಕಿ ಹೊಸ ಮಾದರಿಯದು ಹಾಕೋಣ ಎಂದ, ಇನ್ನೊಬ್ಬ ಗಾಡಿಯನ್ನೇ ಕೊಡುತ್ತೀರಾ ಎಂದ. ಇವರು ಎಡಗೈ ಬೀಸಿ ಇಬ್ಬರನ್ನೂ ಹೊರಗಟ್ಟಿದರು. ವ್ಯಾಯಾಮಕ್ಕೆಂದು ಆಸ್ಪತ್ರೆಯವರು ರಬ್ಬರ್ ಚೆಂಡು ಕೊಟ್ಟಿದ್ದಾರೆ. ಬಲಗೈಯಲ್ಲಿ ಇಟ್ಟರೆ ಅದು ಹಾಗೇ ಉರುಳಿ ಬೀಳುತ್ತದೆ, ಇವರು ನೋಡುವುದೂ ಇಲ್ಲ. ಡಬ್ಬಿಯಿಂದ ಒಂದು ಗೇರ್ ಚಕ್ರ ತೆಗೆದು ಇಟ್ಟೆ. ಹೆಬ್ಬೆರಳು ಅಲುಗಾಡಿತು ಭಾವನವರೇ. ನಾನು ಕಣ್ಣಾರೆ ನೋಡಿದೆ.

ಈಗ ನಮ್ಮ ಚಾಳ ಕೆಡವುತ್ತಾರೆ. ನವೆಂಬರ ಮುಗಿಯುವುದರೊಳಗೆ ಖಾಲಿ ಮಾಡಬೇಕು. ಹಿಂದಿನ ಗಲ್ಲಿಯ ಬಿಲ್ಡಿಂಗಿನಲ್ಲಿ ಸದ್ಯಕ್ಕೆ ಇರಲು ಒಂದು ಖೋಲಿ ಕೊಟ್ಟಿದ್ದಾರೆ. ಅಲ್ಲಿಯ ಸೆಕ್ರೆಟರಿ, "ಚಾಲೂ ಗಾಡಿ ಹೈ ತೋ ರಖೋ ಮೌಸಿ, ಬಂದ್ ಗಾಡಿ ಮತ್‌ಲಬ್ ಭಂಗಾರ್" ಎಂದು, ಓಡದ ಗಾಡಿ ಗುಜರಿ ಸಾಮಾನೆಂದು, ಮುಖಕ್ಕೇ ಹೇಳಿದ. ಗಾಡಿ ಭಂಗಾರಿಗೆ ಹೋದ ದಿನ ಇವರೂ ಮಲಗಿಬಿಡುತ್ತಾರೆ, ಮತ್ತೆ ಏಳುವುದಿಲ್ಲ. ಇದು ನನಗೆ ಗೊತ್ತು.

ಈ ಬಾಕ್ಸಿನ ಒಳಗು ತಿಳಿದವರು ನೀವೊಬ್ಬರೇ. ಹೇಗೆ ಜೋಡಿಸುವುದೆಂದು ಬರೆದು ತಿಳಿಸಿರಿ. ಕೈ ನನ್ನವು, ನಾನು ಮಾಡುತ್ತೇನೆ.

ನಿಮ್ಮ ಉತ್ತರದ ದಾರಿ ಕಾಯುವ,
ಅಂಬವ್ವ


ಇಂಡಿ
೨೪ ಜೂನ್ ೨೦೨೪

ಅಂಬವ್ವಗೆ,

ಕಾಗದ ಮುಟ್ಟಿತು. ಲಕ್ವಾ ಸುದ್ದಿ ಊರವರು ಮೊದಲೇ ಹೇಳಿದ್ದರು.

ಅಪ್ಪ ನನಗೆ ಗಾಡಿ ಬಿಚ್ಚುವುದು ಕಲಿಸಿದ, ಅವನಿಗೆ ಓಡಿಸುವುದು ಕಲಿಸಿದ. ಅಪ್ಪನನ್ನು ಮಣ್ಣು ಮಾಡಿ ಬಂದ ವಾರದಲ್ಲಿ ನಾನು ಸಂತೆಗೆ ಹೋದಾಗ ಗಾಡಿಯನ್ನು ಟೆಂಪೋಕ್ಕೆ ಹೇರಿಕೊಂಡು ಹೋದವನು ನಿನ್ನ ಗಂಡ. ಕೇಳಲಿಲ್ಲ. ಹೇಳಲಿಲ್ಲ. ಸಂಜೆ ನಾನು ಬಂದಾಗ ಕಟ್ಟೆಯ ಮುಂದೆ ಎಣ್ಣೆಯ ಕಲೆ ಮಾತ್ರ ಇತ್ತು.

ಕಲಿಸುತ್ತೇನೆ. ಆದರೆ ಗಾಡಿ ಚಾಲೂ ಆದ ಮೇಲೆ ಅದು ಇಂಡಿಗೆ ಬರಬೇಕು. ಒಪ್ಪಿಗೆ ಇದ್ದರೆ ಬರೆ, ಇಲ್ಲದಿದ್ದರೆ ಬರೆಯಬೇಡ.

ಸಾಯಬಣ್ಣ


ಜೋಗೇಶ್ವರಿ
೨ ಜುಲೈ ೨೦೨೪

ಭಾವನವರಿಗೆ ಶರಣು.

ಒಪ್ಪಿಗೆ ಇದೆ. ಇಷ್ಟಲಿಂಗ ಅಂಗೈಯಲ್ಲಿ ಹಿಡಿದು ಹೇಳಿದ್ದೇನೆ, ಇನ್ನು ಬದಲಿಲ್ಲ. ಇವರಿಗೆ ಇನ್ನೂ ತಿಳಿಸಿಲ್ಲ. ತಿಳಿಸುವುದು ನನ್ನ ಕೆಲಸ, ನಾನು ನೋಡಿಕೊಳ್ಳುತ್ತೇನೆ.

ಆದರೆ ನನ್ನದೂ ಒಂದು ಮಾತು. ಗಾಡಿಯನ್ನು ನಾನು ಟೆಂಪೋಕ್ಕೆ ಹೇರುವುದಿಲ್ಲ, ರೈಲಿನಲ್ಲಿ ಪಾರ್ಸಲ್ ಮಾಡುವುದೂ ಇಲ್ಲ. ಹೇಳದೆ ಕೇಳದೆ ಬಂದದ್ದು ಮತ್ತೆ ಹೇಳದೆ ಕೇಳದೆ ಹೋದರೆ ನೀವಿಬ್ಬರೂ ಒಂದೇ ಆದಿರಿ. ನೀವೇ ಬರಬೇಕು. ನಮ್ಮ ಬಾಗಿಲಲ್ಲಿ ಕಾಲು ತೊಳೆದು, ನಾನು ಬಡಿದ ರೊಟ್ಟಿ ಉಂಡು, ನಿಮ್ಮ ತಮ್ಮನ ಕೈಯಿಂದ ಕೀಲಿ ತಗೊಂಡು ಹೋಗಬೇಕು.

ಈಗ ಹೇಳಿರಿ. ಡಬ್ಬಿಯಲ್ಲಿ ಹಲ್ಲಿನ ಚಕ್ರಗಳಿವೆ, ಎರಡು ದಂಡಗಳಿವೆ, ಕವೆಯಂಥದೊಂದು ಇದೆ, ಬಳೆಯಂಥ ಕಂಚಿನ ತುಂಡುಗಳಿವೆ. ಯಾವುದು ಮೊದಲು? ಇವರು ಎಡಗೈಯಿಂದ ತೋರಿಸುತ್ತಾರೆ, ಅರ್ಧ ತಿಳಿಯುತ್ತದೆ, ತಿಳಿಯದ ಅರ್ಧಕ್ಕೆ ಸಿಟ್ಟು ಮಾಡುತ್ತಾರೆ. ಅವರು ಓಡಿಸಿದವರೇ ಹೊರತು ಒಳಗು ಪೂರಾ ಗೊತ್ತಿದ್ದವರಲ್ಲ. ಇದನ್ನು ಅವರ ಎದುರು ನಾನು ಹೇಳುವುದಿಲ್ಲ, ನಿಮಗೆ ಹೇಳುತ್ತೇನೆ.

ಅಂಬವ್ವ


ಇಂಡಿ
೧೯ ಜುಲೈ ೨೦೨೪

ಅಂಬವ್ವಗೆ,

ನಾನು ಆ ಹೊಸ್ತಿಲು ತುಳಿಯುವುದಿಲ್ಲ. ಅದನ್ನು ಬಿಡು. ಕೆಲಸದ ಮಾತು ಕೇಳು.

ಎರಡು ದಂಡ ಎಂದೆಯಲ್ಲ, ಅವು ಶಾಫ್ಟ್. ಮೇಲಿನದು ಇಂಜಿನ್ ಕಡೆಯದು, ಕೆಳಗಿನದು ಅದರ ಜೋಡಿ. ಚಕ್ರಗಳು ಮೇಲೊಂದು ಕೆಳಗೊಂದು ಜೋಡಿಯಾಗಿ ಕೂಡುತ್ತವೆ. ದೊಡ್ಡದರ ಎದುರು ಸಣ್ಣದು. ತಪ್ಪಿ ಕೂಡಿಸಿದರೆ ಅವು ತಾವೇ ಒಲ್ಲೆ ಎನ್ನುತ್ತವೆ, ಬಲ ಹಾಕಬೇಡ. ಕವೆಯಂಥದ್ದು ಚಕ್ರಗಳನ್ನು ಅತ್ತ ಇತ್ತ ಸರಿಸುತ್ತದೆ. ಎರಡನೇ ಗೇರ್ ಜಾರಿದ್ದು ಅದರಿಂದ. ತುದಿ ಮುಟ್ಟಿ ನೋಡು, ಉಗುರಿನ ಹಾಗೆ ತೆಳ್ಳಗಾಗಿರುತ್ತದೆ. ನನ್ನ ಗ್ಯಾರೇಜಿನಲ್ಲಿ ಹಳೆಯದೊಂದು ಗಟ್ಟಿಮುಟ್ಟಾದದ್ದು ಇತ್ತು, ಈ ಕಾಗದದ ಜೊತೆ ಕಟ್ಟಿ ಕಳಿಸಿದ್ದೇನೆ.

ಕಂಚಿನ ಬಳೆಗಳಿಗೆ ಬುಶ್ ಎನ್ನುತ್ತಾರೆ. ಶಾಫ್ಟ್ ಅವುಗಳೊಳಗೆ ತಿರುಗುತ್ತದೆ. ಎಲ್ಲಾ ತುಂಡುಗಳನ್ನೂ ಡೀಸೆಲ್‌ನಲ್ಲಿ ತೊಳೆದು, ಅರಿವೆಯಿಂದ ಒರೆಸಿ, ಎಣ್ಣೆ ಹಚ್ಚಿ ಕೂಡಿಸು. ಚಿತ್ರ ಹಿಂದಿನ ಪುಟದಲ್ಲಿದೆ. ಅವನಿಗೂ ತೋರಿಸು, ಬೇಕಾದರೆ.

ಸಾಯಬಣ್ಣ


ಜೋಗೇಶ್ವರಿ
೨೦ ಆಗಸ್ಟ್ ೨೦೨೪

ಭಾವನವರಿಗೆ ಶರಣು.

ಒಂದು ಕೆಡಿಸಿದ್ದೇನೆ. ಮೊದಲು ಅದನ್ನು ಹೇಳಿ ಮುಂದೆ ಹೋಗುತ್ತೇನೆ.

ನೀವು ಬರೆದಂತೆ ಎಲ್ಲವನ್ನೂ ಡೀಸೆಲ್‌ನಲ್ಲಿ ತೊಳೆದೆ. ಕವೆ ಬದಲಿಸಿದೆ. ಶ್ರಾವಣ ಸೋಮವಾರ ಬಂತು. ಮಾವನವರ ಗಾಡಿ, ಜೋಡಿಸುವ ಮೊದಲು ದೇವರ ಮುಂದಿಟ್ಟು ಪೂಜೆ ಮಾಡೋಣ ಎನಿಸಿತು. ಉಕ್ಕಿನವು ಹೇಗೋ ಇದ್ದವು, ಆದರೆ ಕಂಚಿನ ಬುಶ್ಶುಗಳು ಕರ್ರಗೆ ಕಂಡವು. ಕಂಚು ಕರ್ರಗಿದ್ದರೆ ದೇವರ ಮುಂದೆ ಹೇಗೆ ಇಡುವುದು? ನಾನು ಊರಿನಿಂದ ಕುಳ್ಳಿನ ಬೂದಿ ತಂದಿಟ್ಟುಕೊಂಡಿರುತ್ತೇನೆ, ದೇವರ ಗಿಂಡಿ, ಆರತಿ, ಗಂಟೆ ಎಲ್ಲ ಅದರಲ್ಲೇ. ಅಂಗಡಿಯ ಪುಡಿ ನಾನು ಮುಟ್ಟುವುದಿಲ್ಲ. ಹುಣಸೆಹಣ್ಣು, ಬೂದಿ ಹಚ್ಚಿ ಒಳಗೂ ಹೊರಗೂ ತಿಕ್ಕಿದೆ. ಬಂಗಾರದ ಹಾಗೆ ಹೊಳೆದವು. ವಿಭೂತಿ ಹಚ್ಚಿ, ಹೂವಿಟ್ಟು, ಕೈ ಮುಗಿದು ಜೋಡಿಸಿದೆ.

ತಿರುಗಿಸಿದರೆ ಕರಕರ ಎಂದಿತು. ರಾಗಿ ಬೀಸಿದ ಹಾಗೆ. ಆಮೇಲೆ ಬಿಗಿದು ನಿಂತಿತು.

ಇವರು ಕುರ್ಚಿಯಲ್ಲಿದ್ದರು. ಬಿಚ್ಚು ಎಂದು ಕೈ ಮಾಡಿದರು. ಬಿಚ್ಚಿದೆ. ಬುಶ್ಶಿನೊಳಗೆ ಬೆರಳಾಡಿಸಿ, ಆ ಬೆರಳನ್ನು ಹೆಬ್ಬೆರಳಿಗೆ ಉಜ್ಜಿ ನೋಡಿ, ಮೂಸಿದರು. ಆಮೇಲೆ ಭಾವನವರೇ, ಆಸ್ಪತ್ರೆಯಿಂದ ಬಂದ ಮೇಲೆ ನೀರು, ಊಟ, ಒಲ್ಲೆ ಎನ್ನುವುದನ್ನು ಬಿಟ್ಟು ನೆಟ್ಟಗೆ ಒಂದು ಮಾತಾಡದವರು,

"ಬೂದಿ! ಏ ಹುಚ್ಚಿ! ಗೇರ್ ಬಾಕ್ಸಿಗೆ ಬೂದಿ ತಿಕ್ಕೀಯೇನ?" ಎಂದು ಚಾಳೆಲ್ಲ ಕೇಳುವಂತೆ ಒದರಿದರು.

"ದೇವರ ಮುಂದ ಇಡೂದಿತ್ತಲ್ರಿ, ಅದಕ ತಿಕ್ಕಿದೆ" ಎಂದೆ.

"ದೇವರೇನ ಬಂದು ಗಾಡಿ ಓಡಸ್ತಾನ? ಬುಶ್ ತಿಂದಿ, ಶಾಫ್ಟ್ ತಿಂದಿ, ಇನ್ನ ನನ್ನ ತಿನ್ನು!"

ಪಕ್ಕದ ಮನೆಯ ಮರಾಠಿ ಬಾಯಿ ಹಿಟ್ಟು ಮೆತ್ತಿದ ಕೈಯಲ್ಲೇ ಓಡಿ ಬಂದಳು. ಸೌಮ್ಯಾ ಒಳಗಿನಿಂದ ಬಂದು, "ಮಮ್ಮಿ, ಪಪ್ಪಾ ಪೂರಾ ಸೆಂಟೆನ್ಸ್ ಬೋಲಾ!" ಎಂದು ನಿಂತಳು. ಅವರು ನಿಲ್ಲಿಸಲಿಲ್ಲ. ನಮ್ಮ ತವರುಮನೆಯವರೆಗೆ ಹೋಗಿ ಬೈದು ಬಂದರು. ನಾನು ಸೆರಗು ಮುಖಕ್ಕೆ ಹಿಡಿದು ಅತ್ತೆ. ಬೈದದ್ದಕ್ಕಲ್ಲ, ನಿಮಗೆ ತಿಳಿಯುತ್ತದೆ.

ಈಗ ಏನು ಮಾಡಲಿ? ಕೈ ಬಿಡುವವಳಲ್ಲ ನಾನು, ದಾರಿ ಹೇಳಿರಿ.

ಕೆಡಿಸಿದ ಕೈಯಿಂದಲೇ ಸರಿ ಮಾಡಬೇಕೆಂದಿರುವ,
ಅಂಬವ್ವ


ಇಂಡಿ
೨೭ ಆಗಸ್ಟ್ ೨೦೨೪

ಅಂಬವ್ವಗೆ,

ನಲವತ್ತು ವರ್ಷ ಗ್ಯಾರೇಜಿನಲ್ಲಿ ಕಳೆದೆ. ಗೇರ್ ಬಾಕ್ಸಿನಲ್ಲಿ ನೀರು ಹೊಯ್ದವರನ್ನು ನೋಡಿದ್ದೇನೆ, ಕುಸುಬಿ ಎಣ್ಣೆ ಹೊಯ್ದವರನ್ನು ನೋಡಿದ್ದೇನೆ. ಬೂದಿ ಹಚ್ಚಿ ತಿಕ್ಕಿದವಳು ನೀನೊಬ್ಬಳೇ. ಅವನು ಬೈದದ್ದು ಕಡಿಮೆಯಾಯಿತು. ನಾನಿದ್ದರೆ ಇನ್ನೂ ಬೈಯುತ್ತಿದ್ದೆ.

ಕಂಚು ಮೆತ್ತಗಿನದು. ಬೂದಿಯಲ್ಲಿಯ ಮರಳು ಅದರೊಳಗೆ ನಾಟಿ ಕೂಡುತ್ತದೆ, ಎಷ್ಟು ತೊಳೆದರೂ ಹೋಗುವುದಿಲ್ಲ. ಆಮೇಲೆ ಬುಶ್ ಅಲ್ಲ ಅದು, ಅರ. ಶಾಫ್ಟನ್ನು ತಿನ್ನುತ್ತದೆ. ಹೊಸ ಬುಶ್ಶೇ ಬೇಕು. ಜೋಗೇಶ್ವರಿಯಲ್ಲಿ ಲೋಹ ಕೊರೆಯುವ ಲೇಥ್ ಹಾಕಿಕೊಂಡು ಕುಳಿತವರು ಬೇಕಾದಷ್ಟು ಮಂದಿ ಇದ್ದಾರೆಂದು ಕೇಳಿದ್ದೇನೆ. ಹಳೆಯ ಬುಶ್, ಶಾಫ್ಟ್ ಎರಡನ್ನೂ ಒಯ್ದು ತೋರಿಸು. ಒಳಗಿನ ಎಣ್ಣೆಯ ಗೆರೆ ಬಿಡದೆ ಕೊರೆಯಲು ಹೇಳು. ಒಳಗೆ ತುಸು ಬಿಗಿಯೇ ಇರಲಿ. ಬಾಕ್ಸಿನಲ್ಲಿ ಕೂಡಿಸಿದ ಮೇಲೆ ರೀಮರ್ ಎಂಬ ಹಲ್ಲಿನ ಸಲಾಕೆಯಿಂದ ಕೈಯಲ್ಲೇ ಸವರಿ ಸವರಿ ಹಿಗ್ಗಿಸಬೇಕು. ಶಾಫ್ಟ್ ಬೆರಳಿನಿಂದ ತಿರುಗಬೇಕು, ಅಲುಗಾಡಬಾರದು. ಅದು ಓದಿ ತಿಳಿಯುವುದಲ್ಲ.

ಅವನು ತವರುಮನೆಯವರೆಗೂ ಬೈದ ಎಂದು ಬರೆದಿದ್ದೀಯ. ನನ್ನ ಹೆಸರು ಏನಾದರೂ ತೆಗೆದನೇ?

ಸಾಯಬಣ್ಣ


ಜೋಗೇಶ್ವರಿ
೧೪ ಅಕ್ಟೋಬರ್ ೨೦೨೪

ಭಾವನವರಿಗೆ ಶರಣು.

ತೆಗೆದರು. "ಇದನ ಸಾಯಬಣ್ಣ ನೋಡಿದ್ನಂದ್ರ ನಿನ್ನ ಊರ ಬಿಡಸ್ತಿದ್ದ" ಎಂದರು. ಅಂದು ನೀವು ತೆಗೆದ ಬಾಕ್ಸಿನ ಚಿತ್ರ ತೋರಿಸಿದೆ. ಬಹಳ ಹೊತ್ತು ನೋಡಿದರು. "ಇಷ್ಟ ಛಂದ ಚಿತ್ರ ಅವನ ಕೈಯಿಂದ ಹೆಂಗ ಬಂತು, ಶಾಲ್ಯಾಗ ಆಕಳ ತೆಗದ್ರ ಕತ್ತೆ ಆಗತಿತ್ತು" ಎಂದರು. ಕಾಗದ ನಿಮ್ಮಿಂದ ಬರುತ್ತಿದೆ ಎಂದು ಅವರಿಗೆ ಜೂನಿನಿಂದಲೇ ಗೊತ್ತಿತ್ತಂತೆ. ಕೇಳಿರಲಿಲ್ಲ, ಅಷ್ಟೆ.

ಬುಶ್ಶಿಗೆ ತಡವಾಯಿತು. ಗಾಳಾದಲ್ಲಿ, ಎಂದರೆ ಇಲ್ಲಿಯ ಸಣ್ಣ ಕಾರ್ಖಾನೆಗಳ ಸಾಲಿನಲ್ಲಿ, ಲೇಥ್ ಇಟ್ಟುಕೊಂಡ ಮನೀಶ್ ಎನ್ನುವವನು ಕುಕ್ಕರ್ ರಿಪೇರಿಗೆ ಬಂದವಳೆಂದು ತಿಳಿದು ಮೊದಲು ನನ್ನನ್ನು ಒಳಗೇ ಬಿಡಲಿಲ್ಲ. "ಮೌಸಿ, ಕುಕ್ಕರ್ ಕಾ ಕಾಮ್ ನಹೀ ಕರತಾ" ಎಂದ. ಸೆರಗಿನಿಂದ ಶಾಫ್ಟ್ ತೆಗೆದು ಮೇಜಿನ ಮೇಲಿಟ್ಟೆ. ಎತ್ತಿ ಬೆಳಕಿಗೆ ಹಿಡಿದು ನೋಡಿ ಒಳಗೆ ಕರೆದ. ಮೊದಲು ಕೊರೆದ ಬುಶ್ಶಿನಲ್ಲಿ ಎಣ್ಣೆಯ ಗೆರೆ ಮರೆತಿದ್ದ, ವಾಪಸ್ ಒಯ್ದೆ. ಎರಡನೆಯದರಲ್ಲಿ ಗೆರೆ ಇತ್ತು, ಆಳವಿರಲಿಲ್ಲ, ಮತ್ತೆ ಒಯ್ದೆ. ಮೂರನೆಯದನ್ನು ನಾನು ನೋಡುತ್ತ ನಿಂತಿದ್ದಾಗಲೇ ಕೊರೆದ. ಶಾಫ್ಟನ್ನೂ ತಾನೇ ಪಾಲಿಶ್ ಮಾಡಿಕೊಟ್ಟ.

ರೀಮರಿನ ಸುದ್ದಿ ಕೇಳಿರಿ. ಅದರ ಹಿಡಿಕೆಗೆ ಎರಡೂ ಕಡೆ ಕೈ ಬೇಕು, ಸಮ ತಿರುಗಬೇಕು. ಒಂದು ಕಡೆ ಭಾರ ಬಿದ್ದರೆ ತೂತು ಸೊಟ್ಟಗಾಗುತ್ತದೆ. ನನ್ನ ಕೈಗೆ ಅದು ಒಗ್ಗಲಿಲ್ಲ. ಇವರು ಕುರ್ಚಿ ಎಳೆಸಿಕೊಂಡು ಹತ್ತಿರ ಬಂದರು. ಎಡಗಡೆ ಅವರು ಹಿಡಿದರು, ಬಲಗಡೆ ನಾನು. ಎರಡು ಎತ್ತು ಎರಡು ದಿಕ್ಕಿಗೆ ಎಳೆದ ಹಾಗೆ ಆಯಿತು. "ಬಿಡು ನೀ" ಎಂದರು. ಬಿಟ್ಟೆ. ಎಡಗೈಯಿಂದ ಬಲಗೈಯನ್ನು ಎತ್ತಿ ಹಿಡಿಕೆಯ ಮೇಲಿಟ್ಟುಕೊಂಡರು. ಬೆರಳು ಒಂದೊಂದಾಗಿ ಮಡಿಸಿಕೊಂಡರು. ಬಲಗೈ ಮೊದಲ ದಿನ ಬರೀ ಕೂತಿತ್ತು, ಎಡಗೈ ಹೋದಲ್ಲಿ ಹೋಯಿತು. ಮಹಾಲಯ ಅಮಾವಾಸ್ಯೆಯ ಹೊತ್ತಿಗೆ ತಾನೂ ತಳ್ಳಲು ಕಲಿಯಿತು. ದಿನಾ ತುಸು ಸವರುವುದು, ಶಾಫ್ಟ್ ಹಾಕಿ ನೋಡುವುದು, ಮತ್ತೆ ತೆಗೆಯುವುದು. ದಸರೆಯ ಖಂಡೆ ಪೂಜೆಯ ಹಿಂದಿನ ದಿನ ಶಾಫ್ಟ್ ಬೆರಳಿಗೆ ತಿರುಗಿತು. ಅಲುಗಾಡಲಿಲ್ಲ. ಈಗ ನನ್ನ ಕೈಗೂ ಗೊತ್ತು, ಬಿಗಿ ಎಂದರೇನು, ಸಡಿಲ ಎಂದರೇನು.

ಖಂಡೆ ಪೂಜೆಯ ದಿನ ಗಾಡಿಗೆ ವಿಭೂತಿ ಹಚ್ಚಿದೆ, ಟ್ಯಾಂಕಿನ ಮೇಲೆ ಮಾತ್ರ. ಮಂಗಳಾರತಿ ಆದ ಮೇಲೆ ನಿಮಗೆ ಕೊಟ್ಟ ಮಾತನ್ನು ಅವರಿಗೆ ಹೇಳಿದೆ. ಪ್ರಸಾದ ಕೈಯಲ್ಲೇ ಉಳಿಯಿತು. ಆಮೇಲೆ, "ಅಂವ ಬರಂಗಿಲ್ಲ" ಎಂದರು.

"ಬಂದ್ರ?" ಎಂದೆ.

"ಬಂದ್ರ ಕೊಡು."

ಅಷ್ಟೇ ಮಾತು. ದೀಪಾವಳಿಯೊಳಗೆ ಪೂರಾ ಜೋಡಿಸುತ್ತೇವೆ. ನವೆಂಬರ ಮುಗಿಯುವುದರೊಳಗೆ ಬನ್ನಿರಿ ಭಾವನವರೇ. ಈ ಚಾಳಿನ ಬಾಗಿಲಿಗೇ ಬನ್ನಿರಿ, ಗಾಡಿ ಬಂದು ಇಳಿದ ಬಾಗಿಲಿಗೆ.

ಅಂಬವ್ವ


ಜೋಗೇಶ್ವರಿ
೨ ಡಿಸೆಂಬರ್ ೨೦೨೪

ಭಾವನವರಿಗೆ ಶರಣು.

ನೀವು ಬರಲಿಲ್ಲ. ಬರೆಯಲೂ ಇಲ್ಲ. ನಾನು ಕಾದೆ, ಆಮೇಲೆ ಕಾಯುವುದನ್ನು ಬಿಟ್ಟು ಕೆಲಸ ಮಾಡಿದೆ.

ಚಾಳ ಖಾಲಿ ಮಾಡುವ ಕಡೆಯ ದಿನ ಶನಿವಾರವಿತ್ತು. ಹಾಸಿಗೆ, ಪಾತ್ರೆ ಎಲ್ಲ ಕೈಗಾಡಿಯಲ್ಲಿ ಹೋದವು. ಗಾಡಿ ಉಳಿಯಿತು. ಮನೀಶ್ ಬಂದು ಕಿಕ್ ಹೊಡೆದ. ಮೂರು ಸಲ ಕೆಮ್ಮಿತು, ನಾಲ್ಕನೆಯದಕ್ಕೆ ಎದ್ದಿತು. ಚಾಳಿನ ಮಕ್ಕಳೆಲ್ಲ ಚಪ್ಪಾಳೆ ಹೊಡೆದರು. ಆದರೆ ಆ ಬಿಲ್ಡಿಂಗಿನ ಸೆಕ್ರೆಟರಿ ಗೇಟಿನಲ್ಲಿ ಕೈಕಟ್ಟಿ ನಿಂತಿದ್ದ. ನೂಕಿಕೊಂಡು ಬಂದರೆ ನಡೆಯುವುದಿಲ್ಲ, ತಾನಾಗಿ ಓಡಿ ಒಳಗೆ ಬರಬೇಕು ಎಂದು.

ಮನೀಶ್ ಗಾಡಿ ಏರಲು ಹೆದರಿದ, ಬ್ರೇಕ್ ಯಾವ ಕಡೆ ಎಂದೇ ತಿಳಿಯುವುದಿಲ್ಲ ಎಂದ. ಸೌಮ್ಯಾ ದಿನಾ ಪವಾಯಿಗೆ ಕೆಲಸಕ್ಕೆ ತನ್ನ ಗಾಡಿಯ ಮೇಲೆ ಹೋಗುವವಳು, "ನಾ ತರ್ತೀನಿ, ಹಟೋ" ಎಂದು ಹತ್ತಿದಳು. ಅವಳ ಗಾಡಿಯಲ್ಲಿ ಗೇರ್ ಎಡಗಾಲಿಗೆ, ಇದರಲ್ಲಿ ಬಲಗಾಲಿಗೆ. ಗೇರ್ ಹಾಕಲು ಹೋಗಿ ಬ್ರೇಕ್ ತುಳಿದಳು, ಬ್ರೇಕ್ ಹಾಕಲು ಹೋಗಿ ಗೇರ್ ತುಳಿದಳು. ಗಾಡಿ ಜಿಗಿದು ಬಂದ್ ಆಯಿತು. ಮತ್ತೊಮ್ಮೆ ಏರಿದಳು, ಮತ್ತೆ ಅದೇ. "ಮಮ್ಮಿ, ಮೇರಾ ಪೈರ್ ನಹೀ ಮಾನ್‌ತಾ" ಎಂದು, ಕಾಲು ಮಾತು ಕೇಳುವುದಿಲ್ಲವೆಂದು ಇಳಿದಳು.

ನನಗೆ ಯಾವ ಗಾಡಿಯ ರೂಢಿಯೂ ಇಲ್ಲ, ಮರೆಯಬೇಕಾದ ರೂಢಿಯೂ ಇಲ್ಲ. ಒಳಗೆ ಯಾವ ಚಕ್ರ ಎಲ್ಲಿ ಕೂತಿದೆ ಎಂಬುದು ಮಾತ್ರ ಗೊತ್ತು, ನಾನೇ ಕೂಡಿಸಿದ್ದು. ಸೀರೆ ಕಚ್ಚೆ ಹಾಕಿ, ಶಿವಾ ಎಂದು ಹತ್ತಿ ಕುಳಿತೆ. ಮನೀಶ್ ಮತ್ತೆ ಕಿಕ್ ಹೊಡೆದು ಎಬ್ಬಿಸಿದ. ಇವರು ಕೋಲೂರಿಕೊಂಡು ಪಕ್ಕಕ್ಕೆ ಬಂದು ನಿಂತರು.

"ಏ ಅಂಬೂ, ಬಿದ್ದೀ!"

"ಬಿದ್ರ ಎಬ್ಬಸ್ರಿ."

"ಕ್ಲಚ್ ಒತ್ತು. ಪೂರಾ. ಈಗ ಬಲಗಾಲ ಬೆರಳಿಂದ ಮ್ಯಾಲೆ ಎತ್ತು ಗೇರು."

ಎತ್ತಿದೆ. ಟಕ್ ಎಂದಿತು ಭಾವನವರೇ. ಬೂದಿಯ ಕರಕರ ಅಲ್ಲ, ಪೆಟ್ಟಿಗೆಯ ಚಿಲಕ ಕೂತ ಹಾಗೆ, ಒಂದೇ ಮಾತು. ಅದು ಕಾಲಿನಿಂದ ಎದೆಗೆ ಬಂತು.

ಒಂದು ಕಡೆ ಸೌಮ್ಯಾ, ಒಂದು ಕಡೆ ಮನೀಶ್, ನನ್ನ ಎರಡೂ ಕಾಲು ನೆಲ ಸವರುತ್ತ, ಮೊದಲನೇ ಗೇರಿನಲ್ಲೇ, ಆನೆ ನಡೆದ ಹಾಗೆ ಗಲ್ಲಿ ಸುತ್ತಿ ಹೋದೆವು. ವಡಾಪಾವಿನವನು ತನ್ನ ಸ್ಟೂಲ್ ಎತ್ತಿ ದಾರಿ ಬಿಟ್ಟ. ಹಿಂದಿನಿಂದ ಇವರು "ಕ್ಲಚ್! ಕ್ಲಚ್!" ಎಂದು ಕೂಗುತ್ತಲೇ ಬಂದರು, ಕೋಲಿನ ಮೇಲೆ, ಇಡೀ ಗಲ್ಲಿ. ಅಷ್ಟು ದೂರ ಅವರು ನಡೆದದ್ದು ಯಾರಿಗೂ ಹೊಳೆಯಲಿಲ್ಲ, ಅವರಿಗೂ. ಸೆಕ್ರೆಟರಿ ಗೇಟ್ ತೆರೆದ. "ಅಂದರ್ ಲೇ ಲೋ ಮೌಸಿ" ಎಂದ. ನಾನು ಇಳಿದು ಸೆರಗಿನಿಂದ ಟ್ಯಾಂಕಿನ ಧೂಳು ಒರೆಸಿದೆ.

ಗಾಡಿ ಉಳಿಯಿತು. ನಾನು ಕೊಟ್ಟ ಮಾತೂ ಉಳಿದಿದೆ. ಗಾಡಿ ನಿಮ್ಮದು. ಹಳೆಯ ಬಾಗಿಲು ಈಗಿಲ್ಲ, ನಿನ್ನೆಯೇ ಕಿತ್ತರು. ಹೊಸ ವಿಳಾಸ ಪಾಕೀಟಿನ ಹಿಂದೆ ಬರೆದಿದ್ದೇನೆ. ನೀವು ತುಳಿಯುವುದಿಲ್ಲ ಎಂದು ಬರೆದ ಹೊಸ್ತಿಲು ಹೋಯಿತು, ಇದು ಬೇರೆ. ರೊಟ್ಟಿ ಮಾತ್ರ ಅದೇ ಕೈಯದು.

ಬರುವುದು ಬಿಡುವುದು ನಿಮಗೆ ಬಿಟ್ಟದ್ದು. ಇನ್ನು ಕರೆದು ಬರೆಯುವುದಿಲ್ಲ.

ಅಂಬವ್ವ


ಇಂಡಿ
೧೧ ಡಿಸೆಂಬರ್ ೨೦೨೪

ಅಂಬವ್ವಗೆ,

ಅಕ್ಟೋಬರದ ಕಾಗದ ಮುಟ್ಟಿತ್ತು. ಉತ್ತರ ಬರೆದೆ, ಹರಿದೆ, ಮತ್ತೆ ಬರೆದೆ. ಆ ಮಾತು ಅಲ್ಲಿಗೆ ಬಿಡು.

ನೀನು ಗಾಡಿ ನಡೆಸಿದ್ದನ್ನು ಗ್ಯಾರೇಜಿನಲ್ಲಿ ಎಲ್ಲರಿಗೂ ಓದಿ ಹೇಳಿದೆ. ಬೂದಿಯ ಸುದ್ದಿ ಹೇಳಲಿಲ್ಲ, ಮನೆಯ ಮಾನ. ನಾನು ಬರುವವರೆಗೆ ಮೊದಲನೇ ಗೇರಿನಾಚೆ ಹೋಗಬೇಡ. ಬಾಕ್ಸಿನ ಎಣ್ಣೆ ಒಮ್ಮೆ ಬಸಿದು ಹೊಸದು ಹಾಕು. ಹೊಸ ಬುಶ್ ಇದ್ದಾಗ ಮೊದಲ ಎಣ್ಣೆಯಲ್ಲಿ ಕಂಚಿನ ಪುಡಿ ಬರುತ್ತದೆ, ಹೆದರಬೇಡ.

೨೦ನೇ ತಾರೀಕು ಶುಕ್ರವಾರ ರಾತ್ರಿ ಸೊಲ್ಲಾಪುರದಿಂದ ಹೊರಟು ಶನಿವಾರ ಬೆಳಗ್ಗೆ ದಾದರಿನಲ್ಲಿ ಇಳಿಯುತ್ತೇನೆ. ಗಾಡಿ ಒಯ್ಯುವ ಮಾತು, ಬಿಡುವ ಮಾತು ಅವನೆದುರು ಆಡುತ್ತೇನೆ, ಕಾಗದದಲ್ಲಿ ಅಲ್ಲ.

ಸ್ಟೇಷನ್ನಿಗೆ ನೀನು ಬರಬೇಡ. ಶೆಟ್ಟೆಪ್ಪ ಬರಲಿ. ಸೌಮ್ಯಾ ಜೊತೆಗಿರಲಿ, ಆದರೆ ಹಿಂದೆ ಇರಲಿ, ಕೈ ಹಿಡಿಯುವುದು ಬೇಡ. ದಾದರಿನಲ್ಲಿ ಹಳಿ ದಾಟುವ ಪೂಲಿನ ಮೆಟ್ಟಿಲು ಎಷ್ಟು ಎಂದು ನನಗೆ ಗೊತ್ತು. ಹತ್ತಿ ಇಳಿಯಲು ಅವನಿಗೆ ಎಷ್ಟು ಹೊತ್ತು ಬೇಕೋ ತಗೊಳ್ಳಲಿ. ಬುತ್ತಿ ಕಟ್ಟಿಕೊಂಡು ಬರುತ್ತೇನೆ. ಮಧ್ಯಾಹ್ನವಾಗಲಿ, ಸಂಜೆಯಾಗಲಿ, ಅವನು ಬಂದು ಎದುರು ನಿಲ್ಲುವವರೆಗೆ ನಾನು ಪ್ಲಾಟ್‌ಫಾರ್ಮಿನ ಬೆಂಚಿನ ಮೇಲಿಂದ ಏಳುವುದಿಲ್ಲ.

ಸಾಯಬಣ್ಣ